ಒಂದು ಗೆಲುವಿನವರೆಗೆ ಬಿಟ್ಟ ಕೂದಲು

ಗ್ಲೆನ್ ಪಾಸ್ಕೋನನ್ನು ಹಿಂದಿನಿಂದ ನೋಡಿದವರು ಇಪ್ಪತ್ತರ ಹುಡುಗ ಎಂದುಕೊಳ್ಳುತ್ತಿದ್ದರು. ಮುಂದಿನಿಂದ ನೋಡಿದವರಿಗೆ ನಿವೃತ್ತ ಗುಮಾಸ್ತನಂತೆ ಕಾಣುತ್ತಿದ್ದ. ಅವನಿಗೆ ನಲವತ್ತೊಂಬತ್ತು. ಹಣೆಯ ಮೇಲೆ ಎರಡು ಬೆರಳು ಉದ್ದದ ನರೆತ ಕೂದಲು, ಕಿವಿಯ ಮೇಲೆ ಚರ್ಮ ಕಾಣುವಷ್ಟು ಸಣ್ಣಗೆ ಮಷೀನ್ ಹೊಡೆದ ಪಕ್ಕಗಳು, ಹಿಂದೆ ಮಾತ್ರ ಭುಜ ದಾಟಿ ಬೆನ್ನಿಗಿಳಿದ ಉದ್ದ ಕೂದಲು. ನಮ್ಮೂರು ಪಿರ್ಬಿನ್‌ನಲ್ಲಿ ಮಲೆಟ್ ಎನ್ನುವ ಈ ಕಟ್ಟಿಂಗ್ ಹೊಸದೇನಲ್ಲ. ಕುರಿ ಉಣ್ಣೆ ಕತ್ತರಿಸುವವರು, ಲಾರಿ ಓಡಿಸುವವರು, ಹೈಸ್ಕೂಲಿನ ಹುಡುಗರು ಬಿಡುತ್ತಲೇ ಇರುತ್ತಾರೆ, ಬೇಸರ ಬಂದಾಗ ತೆಗೆಸುತ್ತಾರೆ. ಗ್ಲೆನ್ ತೆಗೆಸುವಂತಿರಲಿಲ್ಲ. ಅವನು ಮಾತು ಕೊಟ್ಟಿದ್ದ.

ಆರು ವರ್ಷದ ಹಿಂದೆ ನಮ್ಮ ಊರಿಗೂ ಒಂದು ಫುಟ್‌ಬಾಲ್ ಕ್ಲಬ್ ಇತ್ತು; ಚೆಂಡನ್ನು ಕೈಯಲ್ಲೂ ಹಿಡಿದು ಆಡುವ, ಒಂದು ಗೋಲಿಗೆ ಆರು ಅಂಕ ಸಿಗುವ ಇಲ್ಲಿನ ಫುಟ್‌ಬಾಲ್. ಸೋತು ಸೋತು ಸುಣ್ಣವಾಗಿದ್ದ ಕ್ಲಬ್. ಆ ಏಪ್ರಿಲ್‌ನಲ್ಲಿ, ಮೊದಲ ಪಂದ್ಯವನ್ನೇ ನೂರಕ್ಕೂ ಹೆಚ್ಚು ಅಂಕಗಳಿಂದ ಸೋತ ಸಂಜೆ, ನಾಯಕ ಬ್ರೆಟ್ ಮುನ್ರೋ ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಹತ್ತಿ ನಿಂತ. "ಕೇಳ್ರೋ ಇಲ್ಲಿ. ಇವತ್ತಿಂದ ಎಲ್ರೂ ಮಲೆಟ್. ಒಂದು ಪಂದ್ಯ ಗೆಲ್ಲೋವರ್ಗೂ ಹಿಂದಿನ ಕೂದಲಿಗೆ ಯಾರೂ ಕತ್ತರಿ ಮುಟ್ಟಿಸೋ ಹಾಗಿಲ್ಲ. ಮುಟ್ಟಿಸಿದೋನು ಪಿರ್ಬಿನ್‌ನೋನೇ ಅಲ್ಲ." ಇಪ್ಪತ್ತೆರಡು ಜನ ಬಿಯರ್ ಡಬ್ಬಿ ಎತ್ತಿ ಒಪ್ಪಿಕೊಂಡರು. ಅವತ್ತು ಇಡೀ ಕೋಣೆಯಲ್ಲಿ ನಗು. ಗ್ಲೆನ್ ಕೂಡ ನಕ್ಕ. ಎರಡನೇ ತಂಡದಲ್ಲಿ ಹಿಂದಿನ ಮೂಲೆ ಕಾಯುವ ಆಟಗಾರ ಅವನು. ಬೆಂಚಿನಿಂದ ಇಳಿದ ಬ್ರೆಟ್ ಅವನ ಹೆಗಲ ಮೇಲೆ ಕೈ ಹಾಕಿದ; ಅಂಥವನು ಹಾಗೆ ಮಾಡಿದ್ದು ಅದೇ ಮೊದಲು.

ಎರಡು ಋತು ಆಡಿದೆವು. ಗೆಲ್ಲಲಿಲ್ಲ. ಮೂರನೆಯದಕ್ಕೆ ಹೆಸರು ಕೊಟ್ಟವರು ಹನ್ನೆರಡು ಜನವೂ ಇರಲಿಲ್ಲ. ಊರ ಸಭಾಭವನದಲ್ಲಿ ಸೇರಿ ಹದಿನೇಳು ನಿಮಿಷಗಳಲ್ಲಿ ಕ್ಲಬ್ ಮುಚ್ಚಿದರು. ನಡಾವಳಿ ಬರೆದದ್ದು ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ನಾನೇ. ಒಂದು ಪುಟ ತುಂಬಲಿಲ್ಲ. ಕೂದಲಿನ ವಿಷಯ ಅದರಲ್ಲಿ ಇಲ್ಲ. ಯಾರೂ ಎತ್ತಲೇ ಇಲ್ಲ.

ಆಮೇಲೆ ಒಬ್ಬೊಬ್ಬರೇ ಕತ್ತರಿಸಿಕೊಂಡರು. ಬ್ರೆಟ್ ಪಶ್ಚಿಮದ ಕಬ್ಬಿಣದ ಗಣಿಗೆ ಹೋದ. ಒಬ್ಬನಿಗೆ ಮದುವೆ. ಒಬ್ಬ ಪೊಲೀಸ್ ಕೆಲಸಕ್ಕೆ ಸೇರಿದ. ಇನ್ನು ಕೆಲವರಿಗೆ ಸುಮ್ಮನೆ ಸೆಕೆ. ಎರಡು ವರ್ಷದೊಳಗೆ ಗ್ಲೆನ್ ಒಬ್ಬನೇ ಉಳಿದ. ಇಲ್ಲದ ತಂಡ ಗೆಲ್ಲುವುದು ಹೇಗೆ? ಈ ಪ್ರಶ್ನೆ ಅವನಿಗೂ ಬಂದಿರಬೇಕು. ಆದರೆ ಯಾರಾದರೂ "ಯಾವಾಗಪ್ಪ ತೆಗೆಸ್ತೀಯಾ?" ಎಂದರೆ ಅವನ ಉತ್ತರ ಒಂದೇ: "ಗೆದ್ದ ಮೇಲೆ."

ಅವನ ಕೆಲಸ ರೈಲು ಹಳಿಯ ಪಕ್ಕದಲ್ಲಿ ಧಾನ್ಯ ತುಂಬಿಡುವ ಗೋಪುರಗಳಲ್ಲಿ. ಸುಗ್ಗಿಯ ಆರು ವಾರ ಲಾರಿಗಳ ಸಾಲು, ಗದ್ದಲ. ಉಳಿದ ದಿನಗಳಲ್ಲಿ ಅವನು, ತಗಡಿನ ಕೋಣೆ, ಗೋಧಿ ತಿನ್ನಲು ಬರುವ ಗುಲಾಬಿ ಬಣ್ಣದ ಗಿಳಿಗಳು. ಮನೆಯಲ್ಲೂ ಒಬ್ಬನೇ. ಭಾನುವಾರ ಮಧ್ಯಾಹ್ನ ಹೋಗಿ ಹಳೆಯ ಮೈದಾನದ ಹುಲ್ಲು ಕತ್ತರಿಸಿ ಬರುತ್ತಿದ್ದ. ಯಾರೂ ಹೇಳಿರಲಿಲ್ಲ. ಗೋಲಿನ ಕಂಬಗಳು ಇನ್ನೂ ನಿಂತಿದ್ದವು, ಸಂಜೆ ಅಲ್ಲಿ ಕಾಂಗರೂಗಳು ಮೇಯುತ್ತಿದ್ದವು.

ಐದು ವಾರಕ್ಕೊಮ್ಮೆ ಮಂಗಳವಾರ ರೇಲೀನ್‌ಳ ಅಂಗಡಿಗೆ ಹೋಗುತ್ತಿದ್ದ. ರೇಲೀನ್ ಪಕ್ಕದ ಪಟ್ಟಣದವಳು. ನಮ್ಮೂರಲ್ಲಿ ವಾರಕ್ಕೆ ಎರಡೇ ದಿನ ಬಾಗಿಲು ತೆಗೆಯುತ್ತಾಳೆ. ಪಕ್ಕಕ್ಕೆ ಮಷೀನ್, ಮುಂದಕ್ಕೆ ಕತ್ತರಿ. ಹಿಂದಿನದನ್ನು ತೊಳೆದು ಬಾಚುವುದಷ್ಟೇ.

"ಇದು ಮಲೆಟ್ ಅಲ್ಲ ಗ್ಲೆನ್, ಒಣಹುಲ್ಲು" ಎನ್ನುತ್ತಿದ್ದಳು. "ತುದಿ ಎಲ್ಲಾ ಸೀಳಿದೆ. ಮಲೆಟ್ ಅಂದ್ರೆ ಸುಮ್ನೆ ಬಿಡೋದಲ್ಲ, ಅದನ್ನೂ ಕತ್ತರಿಸ್ಬೇಕು. ಒಂದು ಬೆರಳಷ್ಟು ತೆಗೀಲಾ?"

"ಬೇಡ."

"ಅರ್ಧ ಬೆರಳು? ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲ."

ಹೋದ ಆಗಸ್ಟ್‌ನ ಒಂದು ಗುರುವಾರ ಅವನಿಗೆ ಜೋಡಿ ಟ್ರಿಗ್ ಫೋನ್ ಮಾಡಿದಳು. ಅವಳು ನಲವತ್ತು ಕಿಲೋಮೀಟರ್ ಆಚೆಯ ಕೂರಾಲ್ ಕ್ಲಬ್ಬಿನ ಕಾರ್ಯದರ್ಶಿ. ನಮ್ಮ ಸುತ್ತಮುತ್ತಲಿನ ಕ್ಲಬ್ಬುಗಳಲ್ಲಿ ಜನ ಕಡಿಮೆ ಬಿದ್ದರೆ ಪಕ್ಕದೂರಿನವರನ್ನು ಒಂದು ದಿನದ ಮಟ್ಟಿಗೆ ಕರೆಯುವುದುಂಟು.

"ಗ್ಲೆನ್, ನಿನ್ನ ಬೂಟು ಇನ್ನೂ ಇದ್ಯೇನೋ?"

"ಇದೆ. ಯಾಕೆ?"

"ಶನಿವಾರ ಎರಡನೇ ತಂಡಕ್ಕೆ ಒಬ್ರು ಬೇಕು. ನಾಲ್ಕು ಜನಕ್ಕೆ ಜ್ವರ, ಮೂರು ಜನ ಮದುವೆಗೆ ಹೋಗಿದಾರೆ. ನೀನು ಓಡೋದೇನೂ ಬೇಡ. ಹಿಂದೆ ನಿಂತ್ಕೊಂಡು ಅಡ್ಡ ಆದ್ರೆ ಸಾಕು."

"ನಂಗೆ ನಲವತ್ತೊಂಬತ್ತು."

"ನಮ್ ಗೋಲ್ ಹೊಡೆಯೋನಿಗೆ ಐವತ್ಮೂರು ಕಣಪ್ಪ. ಬಾ."

ಫೋನ್ ಇಟ್ಟ ಮೇಲೆ ಅವನಿಗೆ ಹೊಳೆಯಿತು. ಕೂರಾಲ್ ಗೆದ್ದರೆ ತಾನೂ ಗೆದ್ದಂತೆಯೇ? ಶುಕ್ರವಾರ ಇಡೀ ದಿನ ಆ ತಗಡಿನ ಕೋಣೆಯಲ್ಲಿ ಅದನ್ನೇ ತಿರುಗಿಸಿ ತಿರುಗಿಸಿ ನೋಡಿದನಂತೆ. ಬ್ರೆಟ್ ಹೇಳಿದ್ದು "ಒಂದು ಪಂದ್ಯ" ಅಂತ. ಯಾರ ಅಂಗಿ ಹಾಕಿಕೊಂಡು ಅಂತ ಹೇಳಿರಲಿಲ್ಲ. ಹೇಳುವ ಅಗತ್ಯ ಅವತ್ತು ಯಾರಿಗೂ ಕಂಡಿರಲಿಲ್ಲ.

ಶನಿವಾರ ಕೂರಾಲ್‌ನವರು ಕೊಟ್ಟ ಕೆಂಪು ಬಿಳಿ ಅಂಗಿ ಅವನಿಗೆ ಹೊಟ್ಟೆಯ ಬಳಿ ಬಿಗಿಯಾಗಿತ್ತು. ನಮ್ಮದು ಹಸಿರು ಹಳದಿ. ಎದುರಾಳಿ ಮಿಲ್ಬನ್ ತಂಡ. ಅವನಿಗೆ ಸಿಕ್ಕ ಎದುರಾಳಿ ಇಪ್ಪತ್ತೆರಡರ, ಚಿಗರೆಯಂತೆ ಓಡುವ ಒಬ್ಬ ಹುಡುಗ. ಅವನಿಗೂ ಮಲೆಟ್, ಗುಂಗುರು ಮಾಡಿಸಿ ತುದಿಗೆ ಬಣ್ಣ ಹಾಕಿಸಿದ್ದು.

"ಏನ್ ಅಜ್ಜ, ಬಾಲ ಬಿಟ್ಕೊಂಡ್ ಬಂದಿದೀಯ? ಮೆಟ್ತೀನಿ, ಹುಷಾರು."

"ಮೆಟ್ಟೋಕೆ ಹಿಂದೆ ಇರ್ಬೇಕು. ನೀನು ಹಿಂದೇನೇ ಇರ್ತೀಯ ಬಿಡು" ಎಂದ ಗ್ಲೆನ್.

ಮೊದಲ ಕಾಲು ಭಾಗದಲ್ಲೇ ಆ ಹುಡುಗ ಎರಡು ಗೋಲು ಹೊಡೆದ. ಆಮೇಲೆ ಗ್ಲೆನ್ ಓಡುವುದನ್ನು ಬಿಟ್ಟು ಚೆಂಡು ಬೀಳುವ ಜಾಗಕ್ಕೆ ಮೊದಲೇ ಹೋಗಿ ನಿಲ್ಲತೊಡಗಿದ. ಇಪ್ಪತ್ತೈದು ವರ್ಷ ಸೋಲುವ ತಂಡದ ಹಿಂಬದಿ ಕಾದವನಿಗೆ ಚೆಂಡು ಎಲ್ಲಿ ಬೀಳುತ್ತದೆ ಎಂದು ಗೊತ್ತಿರುತ್ತದೆ. ಅದು ದಿನವಿಡೀ ಅವನ ಕಡೆಗೇ ಬಂದಿರುತ್ತದೆ. ಕೊನೆಯ ನಿಮಿಷದಲ್ಲಿ ಎತ್ತರಕ್ಕೆ ಬಂದ ಚೆಂಡನ್ನು ಹಿಡಿಯಲಾಗದೆ ಮುಷ್ಟಿಯಿಂದ ಗುದ್ದಿ ಗೆರೆಯಾಚೆ ಹಾಕಿದ. ಸೈರನ್ ಕೂಗಿತು. ಕೂರಾಲ್ ನಾಲ್ಕು ಅಂಕಗಳಿಂದ ಗೆದ್ದಿತ್ತು.

ಒಳಗೆ ಎಲ್ಲರೂ ಹೆಗಲಿಗೆ ಹೆಗಲು ಕೊಟ್ಟು ಸುತ್ತ ನಿಂತು ಕ್ಲಬ್ಬಿನ ಹಾಡು ಹೇಳಿದರು. ಗ್ಲೆನ್‌ನನ್ನು ನಡುವೆ ಎಳೆದುಕೊಂಡರು. ಅವನಿಗೆ ಹಾಡಿನ ಮಾತುಗಳು ಬರುತ್ತಿರಲಿಲ್ಲ. ಬಾಯಿ ತೆರೆದು ಮುಚ್ಚಿದ, ಸಾಲಿನ ಕೊನೆಯಲ್ಲಿ ಎಲ್ಲರ ಜೊತೆ ಕೂಗಿದ. ಹಾಡು ಮುಗಿಯುತ್ತಲೇ ಯಾರೋ ಮಷೀನ್ ಹಿಡಿದುಕೊಂಡು ಬಂದರು. ಅವನ ಮಾತಿನ ವಿಷಯ ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು.

"ಹರಕೆ ತೀರ್ತಲ್ಲ ಪಾಸ್ಕಿ! ಕೂತ್ಕೋ, ಬೋಳಿಸ್ಬಿಡೋಣ!"

"ಕೊಡ್ರೋ ನಂಗೆ, ನಾನು ಕುರಿ ಕತ್ತರಿಸೋನು, ಮೂರು ನಿಮಿಷ ಸಾಕು!"

ಗ್ಲೆನ್ ಎರಡೂ ಕೈಯನ್ನು ಕತ್ತಿನ ಹಿಂದೆ ಇಟ್ಟುಕೊಂಡ. "ಮುಟ್ಬೇಡ್ರಪ್ಪ."

"ಲೇ, ಗೆದ್ದಿದೀವಲ್ಲೋ."

"ನೀವು ಗೆದ್ದಿದೀರ" ಎಂದ ಅವನು. ಒರಟಾಗಿ ಹೇಳಲಿಲ್ಲ. ಆದರೂ ಮಷೀನ್ ಹಿಡಿದವನು ಅದನ್ನು ಜೇಬಿಗೆ ಹಾಕಿಕೊಂಡ. ಜೋಡಿ ಅವನ ಕೈಗೆ ಒಂದು ಬಿಯರ್ ಕೊಟ್ಟಳು. ಅರ್ಧ ಕುಡಿದು, ಅಂಗಿ ಮಡಚಿಟ್ಟು, ಅವನು ಮನೆಗೆ ಹೊರಟ.

ಭಾನುವಾರ ಬೆಳಿಗ್ಗೆ ಬ್ರೆಟ್ ಮುನ್ರೋಗೆ ಫೋನ್ ಮಾಡಿದ. ನಾಲ್ಕು ವರ್ಷದಲ್ಲಿ ಮೊದಲ ಸಲ. ಬ್ರೆಟ್ ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ ಎಂದು ತೀರ್ಮಾನಿಸಿಕೊಂಡೇ ಕೂತಿದ್ದನಂತೆ. ಇದನ್ನು ಗ್ಲೆನ್ ಆಮೇಲೆ ರೇಲೀನ್‌ಗೆ ಹೇಳಿದ, ರೇಲೀನ್ ನನಗೆ ಹೇಳಿದಳು.

"ಯಾರು? ಪಾಸ್ಕಿನಾ! ಏನ್ ಸಮಾಚಾರ ಮಾರಾಯ?" ಆ ಕಡೆ ಗಣಿಯ ಊಟದ ಮನೆಯ ತಟ್ಟೆಗಳ ಸದ್ದು.

"ನಿನ್ನೆ ಕೂರಾಲ್‌ಗೆ ಆಡ್ದೆ. ಗೆದ್ವಿ. ಅದಕ್ಕೇ ಕೇಳೋಣ ಅಂತ. ಬೇರೆ ತಂಡದಲ್ಲಿ ಗೆದ್ರೆ ಲೆಕ್ಕಕ್ಕೆ ಬರುತ್ತಾ?"

"ಯಾವ ಲೆಕ್ಕ?"

"ಕೂದಲದ್ದು. ನೀನು ಹೇಳಿದ್ದೆಯಲ್ಲ, ಬೆಂಚಿನ ಮೇಲೆ ನಿಂತು."

"ನಾನು ಹೇಳಿದ್ನಾ? ಏನಂತ?"

ಗ್ಲೆನ್ ಹೇಳಿದ. ಇಡೀ ಮಾತನ್ನು, ಇದ್ದಂತೆಯೇ.

ಬ್ರೆಟ್ ಜೋರಾಗಿ ನಕ್ಕ. ಕೆಟ್ಟ ನಗುವಲ್ಲ; ಅವನು ಯಾವಾಗಲೂ ಹಾಗೇ ನಗುತ್ತಾನೆ. "ಅಯ್ಯೋ ದೇವ್ರೇ. ಕುಡಿದಿದ್ನೇನೋ ಗುರು. ನೀನಿನ್ನೂ ಬಿಟ್ಕೊಂಡೇ ಇದೀಯಾ? ಫೋಟೋ ಕಳ್ಸೋ, ಇಲ್ಲಿ ಹುಡುಗ್ರಿಗೆಲ್ಲಾ ತೋರಿಸ್ತೀನಿ."

"ಆಯ್ತು" ಎಂದು ಗ್ಲೆನ್ ಫೋನ್ ಇಟ್ಟ. ಫೋಟೋ ಕಳಿಸಲಿಲ್ಲ. ಆ ಭಾನುವಾರ ಮೈದಾನಕ್ಕೂ ಹೋಗಲಿಲ್ಲ.

ಮಂಗಳವಾರ ಅವನ ಸರದಿಯಾಗಿರಲಿಲ್ಲ, ಐದು ವಾರ ಆಗಿರಲಿಲ್ಲ. ಆದರೂ ರೇಲೀನ್ ಬಾಗಿಲು ತೆಗೆಯುವ ಮೊದಲೇ ಹೊರಗೆ ನಿಂತಿದ್ದ. ಅವಳಿಗೆ ಗೆಲುವಿನ ಸುದ್ದಿ ಗೊತ್ತಾಗಿತ್ತು. ಬಟ್ಟೆ ಹೊದೆಸಿ, ಮಷೀನ್ ತೆಗೆದು ಮೇಜಿನ ಮೇಲಿಟ್ಟಳು.

"ಎಲ್ಲಾನೂ ತೆಗೀಲಾ?"

ಗ್ಲೆನ್ ಕನ್ನಡಿ ನೋಡಿದ. ಕನ್ನಡಿಯಲ್ಲಿ ಹಿಂದಿನ ಕೂದಲು ಕಾಣುವುದಿಲ್ಲ. "ಚಿಕ್ಕ ಕನ್ನಡಿ ಹಿಡಿ" ಎಂದ. ಅವಳು ಹಿಂದೆ ಹಿಡಿದಳು. ಅವನು ಬಹಳ ಹೊತ್ತು ನೋಡಿದ. ಆರು ವರ್ಷದಲ್ಲಿ ಅದು ಹೇಗೆ ಕಾಣುತ್ತದೆ ಎಂದು ಅವನು ಯೋಚಿಸಿರಲೇ ಇಲ್ಲ. ಇದೆ ಅನ್ನುವುದಷ್ಟೇ ಮುಖ್ಯವಾಗಿತ್ತು.

"ನಿಜವಾಗ್ಲೂ ಒಣಹುಲ್ಲೇ" ಎಂದ.

"ನಾನು ಹೇಳ್ತಾನೇ ಇದ್ನಲ್ಲ."

"ತೆಗೆದ್ರೆ ಸುಮ್ನೆ ಒಬ್ಬ ಬೋಳ ಆಗ್ತೀನಿ, ಅಲ್ವಾ?"

"ಬೋಳ ಅಲ್ಲ. ಎಲ್ಲರ ಥರ ಆಗ್ತೀಯ."

ಅವನು ಬ್ರೆಟ್‌ನ ಫೋನಿನ ವಿಷಯ ಹೇಳಿದ್ದು ಆಗಲೇ. ಮುಗಿದ ಮೇಲೆ ಅವನೇ ಕೇಳಿದ: "ಯಾರೂ ಹೇಳದೇ ಇದ್ರೂ ಇಟ್ಕೋಬಹುದಾ ಇದನ್ನ? ಚೆನ್ನಾಗಿ ಮಾಡೋಕಾಗುತ್ತಾ?"

"ಆಗುತ್ತೆ. ಆದ್ರೆ ಕತ್ತರಿ ಹಾಕ್ಬೇಕು. ಒಂದು ಗೇಣು ಹೋಗುತ್ತೆ."

"ಹಾಕು."

ಮೊದಲ ಕತ್ತರಿಗೆ ಅವನು ಕಣ್ಣು ಮುಚ್ಚಿಕೊಂಡನಂತೆ. ರೇಲೀನ್ ಆತುರಪಡಲಿಲ್ಲ. ಒದ್ದೆ ಕೂದಲನ್ನು ಪದರ ಪದರವಾಗಿ ಎತ್ತಿ ಕ್ಲಿಪ್ ಹಾಕಿ, ಮೇಲಿನ ಪದರ ಗಿಡ್ಡ, ಕೆಳಗಿನದು ಭುಜ ಮುಟ್ಟುವಷ್ಟು, ಹೀಗೆ ಇಳಿಸುತ್ತಾ ಬಂದಳು. ತುದಿಗಳು ನೇರ ಗೆರೆಯಾಗದಂತೆ ಕತ್ತರಿಯನ್ನು ನೆಟ್ಟಗೆ ಹಿಡಿದು ಕಚ್ಚಿಸಿದಳು. ಕಿವಿಯ ಹಿಂದೆ ಮಷೀನಿನ ಸಣ್ಣ ಕೂದಲು ಉದ್ದ ಕೂದಲಿಗೆ ಸೇರುವ ಕಡೆ ಹೆಚ್ಚು ಸಮಯ ಹಿಡಿಯಿತು; ಅಲ್ಲಿ ಕೆಟ್ಟರೆ ಎಲ್ಲ ಕೆಟ್ಟಂತೆ. ಮುಂದಿನದನ್ನು ಹಣೆಗೆ ಇಳಿಬಿಟ್ಟು ಚೂರುಚೂರಾಗಿ ಕತ್ತರಿಸಿದಳು. ಕೊನೆಗೆ ಉಪ್ಪುನೀರಿನ ಸ್ಪ್ರೇ ಹೊಡೆದು, ಕೂದಲನ್ನು ಮುಷ್ಟಿಯಲ್ಲಿ ಹಿಂಡಿ ಹಿಂಡಿ, ಬಿಸಿಗಾಳಿಯಲ್ಲಿ ಒಣಗಿಸಿದಳು. ಗ್ಲೆನ್‌ನ ಕೂದಲಿನಲ್ಲಿ ಅಲೆ ಇದೆ ಎಂದು ಇಬ್ಬರಿಗೂ ಗೊತ್ತಾದದ್ದು ಅವತ್ತೇ. ಇಷ್ಟು ವರ್ಷ ಭಾರಕ್ಕೆ ಅದು ಎದ್ದಿರಲೇ ಇಲ್ಲ.

"ಜನ ಕೇಳಿದ್ರೆ ಏನ್ ಹೇಳ್ಲಿ?" ಎಂದ ಎದ್ದು ನಿಂತು.

"ನಿನ್ನ ತಲೆ ಕಣೋ. ನಿಂಗೆ ತೋಚಿದ್ದು ಹೇಳು."

ಹತ್ತು ನಿಮಿಷದ ಮೇಲೆ ಬೇಕರಿಯ ಮಾರ್ಗೋ ಕೇಳಿಯೇ ಬಿಟ್ಟಳು. ಮಾಂಸದ ಪೈ ಚೀಲಕ್ಕೆ ಹಾಕುತ್ತಾ, "ಗೆದ್ರಂತಲ್ಲ ಗ್ಲೆನ್? ಮತ್ತೆ ಇದ್ಯಾಕಿನ್ನೂ ಇದೆ?"

ಗ್ಲೆನ್ ಬಾಯಿ ತೆರೆದ. ಆರು ವರ್ಷ ಹೇಳಿದ ಉತ್ತರ ಇನ್ನು ನಡೆಯುತ್ತಿರಲಿಲ್ಲ. ನಾನು ಹಿಂದೆ ಸಾಲಿನಲ್ಲಿದ್ದೆ. ಅವನ ಕಿವಿ ಕೆಂಪಾದದ್ದು ಕಂಡಿತು.

"ನಂಗೆ ಹೀಗೇ ಬೇಕು ಅಂತ" ಎಂದ.

"ಓ" ಎಂದಳು ಮಾರ್ಗೋ. "ಸಾಸ್ ಹಾಕ್ಲಾ?"

"ಹಾಕು."

ಹೊರಗೆ ಉತ್ತರದ ಗಾಳಿ ಧೂಳೆಬ್ಬಿಸುತ್ತಿತ್ತು. ಬೀದಿಯಲ್ಲಿ ಅವನ ಗಾಡಿ ಒಂದೇ ನಿಂತಿತ್ತು. ಅದರೊಳಗೆ ಕೂತು, ಕೂದಲು ಕೆದರದಂತೆ ಎರಡೂ ಕಡೆ ಗಾಜು ಏರಿಸಿಕೊಂಡು, ಅವನು ಒಬ್ಬನೇ ಪೈ ತಿಂದ.