ಬುದ್ಧನ ಬಲಗೈ

ಮೂರ್ತಿಗೆ ಜೀವ ಇದೆ, ಅದು ಉಸಿರಾಡುತ್ತದೆ ಎಂದೆಲ್ಲ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಕೊಪ್ಪದಲ್ಲಿ ನಮ್ಮದು ತಲೆತಲಾಂತರದಿಂದ ಮರ ಕೆತ್ತುವ ಮನೆ. ಕೆತ್ತಿದ ಚಕ್ಕೆ ಗುಡಿಸಿ ಒಲೆಗೆ ಹಾಕಿದವಳು ನಾನು. ದೇವರ ಮೂಗಿನ ಚೂರನ್ನೂ ಉರಿಸಿ ಅನ್ನ ಮಾಡಿದ್ದೇನೆ, ಏನೂ ಆಗಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ನಿಮಗೆ ಬಿಟ್ಟದ್ದು.

ಕೆಲವು ವರ್ಷಗಳ ಹಿಂದೆ ನನ್ನ ತಮ್ಮ ವಾಸು ಎನ್.ಆರ್. ಪುರದ ಮೇಷ್ಟರೊಬ್ಬರಿಗೆ ಶಿವನಿ ಮರದಲ್ಲಿ ಬುದ್ಧನನ್ನು ಕೆತ್ತುತ್ತಿದ್ದ. ಅಂಥ ಕೆಲಸವನ್ನು ನಾನು ಬೇರೆ ಕಂಡಿಲ್ಲ. ಹೊದ್ದ ಬಟ್ಟೆಯ ನೆರಿಗೆ ಊದಿದರೆ ಹಾರುವಷ್ಟು ತೆಳು. ಕಿವಿ ಉದ್ದ, ಅರಮನೆಯಲ್ಲಿ ಬಿಚ್ಚಿಟ್ಟು ಬಂದ ಒಡವೆಯ ಭಾರಕ್ಕೆ ಜೋತುಬಿದ್ದಂತೆ. ಬಲಗೈ ಮೊಣಕಾಲಿನ ಮೇಲಿಂದ ಇಳಿದು ಬೆರಳ ತುದಿಯಲ್ಲಿ ನೆಲ ಮುಟ್ಟಿತ್ತು. ತನಗೆ ಜ್ಞಾನವಾದದ್ದಕ್ಕೆ ಬುದ್ಧ ಭೂಮಿಯನ್ನೇ ಸಾಕ್ಷಿಗೆ ಕರೆದನಂತೆ.

ಕಣ್ಣು ಕೆತ್ತುವುದೊಂದೇ ಬಾಕಿ ಇರುವಾಗ ವಾಸುವಿಗೆ ಲಕ್ವ ಹೊಡೆಯಿತು. ಕಾಲು, ಮಾತು ಉಳಿದವು, ಬಲಗೈ ಹೋಯಿತು. ಸೂಜಿ ಚುಚ್ಚಿದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಮುಖಕ್ಕೆ ಮೊದಲ ಗೆರೆ ಹಾಕಿದವನೇ ಅದರ ಕಣ್ಣು ತೆರೆಸಬೇಕು ಎನ್ನುವುದು ನಮ್ಮ ಮನೆಯ ಕ್ರಮ. ಇಲ್ಲದಿದ್ದರೆ ಮೂರ್ತಿ ಹೊಸಿಲು ದಾಟುವಂತಿಲ್ಲ. ಕ್ರಮ ಹಾಳಾಗಲಿ, ಶೃಂಗೇರಿಯಿಂದ ಚಿಕ್ಕಪ್ಪನ ಮಗನನ್ನು ಕರೆಸುತ್ತೇನೆ ಎಂದೆ.

“ಅವ ಕಣ್ಣು ಪೂರ್ತಿ ಬಿಡಿಸ್ತಾನೆ ಅಕ್ಕ. ಬುದ್ಧಂದು ಅರ್ಧ ಮುಚ್ಚಿರ್ಬೇಕು.”

“ದೇವ್ರೇ ಅರ್ಧ ಕಣ್ಣು ಮುಚ್ಚಿದ್ರೆ ನಮ್ಮನ್ನ ನೋಡೋರ್ಯಾರು ಮಾರಾಯ?”

“ಇನ್ನರ್ಧ ಒಳಗೆ ನೋಡೋಕೆ. ನಿಂಗೆ ಹೇಳಿ ಪ್ರಯೋಜನ ಇಲ್ಲ, ನೀ ಉಜ್ಜು.”

ನುಣುಪು ಮಾಡುವುದು ನನ್ನ ಕೆಲಸ. ಗರಗತ್ತಿ ಮರದ ಒರಟು ಎಲೆಯಿಂದ ಉಜ್ಜುತ್ತೇವೆ. ಅವತ್ತು ಮಧ್ಯಾಹ್ನ ಜಗಲಿಯಲ್ಲಿ ಕೂತು ಬುದ್ಧನ ಬಲಗೈ ಉಜ್ಜುತ್ತಿದ್ದೆ. ಒಳಗೆ ಮಲಗಿದ್ದ ವಾಸು ಕೂಗಿದ:

“ಅಕ್ಕ, ಎಂತ ಇದು? ಯಾರೋ ಕೈ ತಿಕ್ತಿದಾರೆ, ಉರೀತದೆ!”

ಉಜ್ಜುವುದನ್ನು ನಿಲ್ಲಿಸಿದೆ. “ಈಗ ಇಲ್ಲ” ಎಂದ. ನಡುವೆ ಗೋಡೆ ಇತ್ತು, ಅವನಿಗೆ ನಾನು ಕಾಣುತ್ತಿರಲಿಲ್ಲ. ನೋಡೋಣವೆಂದು ಮೂರ್ತಿಯ ಎಡಗೈ ಉಜ್ಜಿದೆ, ಸದ್ದಿಲ್ಲ. ಬಲಗೈಯ ಕಿರುಬೆರಳಿಗೆ ಎಲೆ ತಾಗಿಸಿದೆ.

“ಕಿರುಬೆರಳು, ಅಕ್ಕ!”

ಎದ್ದು ಓಡಬೇಕೆನಿಸಿತು. ಆದರೂ ಏಳಲಿಲ್ಲ. ಅವನು ಬೈಯುತ್ತಲೇ ಇದ್ದ, ನಾನು ಉಜ್ಜುತ್ತಲೇ ಇದ್ದೆ. ಕೊನೆಗೆ ಅವನೇ ಹೊರಗೆ ಬಂದ. ಬಲಗೈಯಲ್ಲಿ ಸಣ್ಣ ಉಳಿ ಇತ್ತು.

ಕೂತವನು ಎರಡೂ ಕಣ್ಣು ಮುಗಿಸಿಯೇ ಎದ್ದ. ಒಂದು ಗೆರೆಯೂ ಅಲುಗಲಿಲ್ಲ. ಅರ್ಧ ತೆರೆದ ಆ ಕಣ್ಣು ನಿಜಕ್ಕೂ ಒಳಗೆ ನೋಡುತ್ತಿತ್ತು. ಬೈಗಾಗುವಷ್ಟರಲ್ಲಿ ಅವನ ಕೈ ಮತ್ತೆ ಜೋತುಬಿತ್ತು, ಆಮೇಲೆ ಏಳಲೇ ಇಲ್ಲ.

ನರ ಒಮ್ಮೊಮ್ಮೆ ಹಾಗೆ ಎಚ್ಚರಾಗುತ್ತದೆ ಎಂದರು ಡಾಕ್ಟರು. ಇರಬಹುದು. ನಾನು ಮುಟ್ಟಿದ ಬೆರಳು ಗೋಡೆಯಾಚೆ ಅವನಿಗೆ ಹೇಗೆ ತಿಳಿಯಿತು ಎಂದು ಕೇಳಿದರೆ ಮಾತ್ರೆ ಬರೆದುಕೊಟ್ಟರು.

ಮೇಷ್ಟರು ಮೂರ್ತಿಯನ್ನು ಜೀಪಿಗೇರಿಸಿ ಹೊರಟ ಮೇಲೆ, “ನಿನ್ನ ಕೈ ಹೋಯ್ತಲ್ಲೋ” ಎಂದೆ.

“ಎಲ್ಲಿ ಹೋಯ್ತು? ಅಲ್ಲಿ ನೆಲ ಮುಟ್ಕೊಂಡು ಕೂತದಲ್ಲ” ಎಂದ.