ಮಿಕ್ಸಿಗೆ ಹೊದಿಸಿದ್ದ ಖಣ

ಹೋದ ಶುಕ್ರವಾರ ನಮ್ಮ ಮನೆಯಿಂದ ಒಂದು ಬ್ಲೌಸ್ ಪೀಸ್ ಹೊರಟುಹೋಯಿತು. ಯಾರೂ ಬೀಳ್ಕೊಡಲಿಲ್ಲ.

ಬಸವನಗುಡಿಯ ಬ್ಲೌಸ್ ಪೀಸುಗಳ ಬದುಕು ನಿಮಗೆ ಗೊತ್ತೇ ಇದೆ. ಅರಿಶಿನ ಕುಂಕುಮಕ್ಕೆ ಬಂದವರಿಗೆ ನಾವು ಕೊಡುತ್ತೇವೆ. ಅವರು ಇನ್ನೊಬ್ಬರಿಗೆ ದಾಟಿಸುತ್ತಾರೆ. ಹೊಲಿಸಿಕೊಳ್ಳುವವರು ಯಾರು? (ಒಮ್ಮೆ ನಮ್ಮದೇ ಪೀಸ್ ಊರೆಲ್ಲ ಸುತ್ತಿ ನಮಗೇ ವಾಪಸ್ ಬಂದಿತ್ತು. ಹೆಂಡತಿ ಲತಾ ಅದನ್ನು ಹಳೇ ನೆಂಟರ ಹಾಗೆ ಒಳಗೆ ಕರೆದುಕೊಂಡಳು.)

ಆ ದಿನ ಮಹಡಿ ಮನೆಯ ಶೈಲಜಾ ಬಂದಾಗ ಸ್ಟಾಕ್ ಖಾಲಿ. ಲತಾ ತೀರಿಹೋದ ನನ್ನಮ್ಮನ ಟ್ರಂಕ್ ತೆಗೆದಳು. ಕಣ್ಣಿಗೆ ಬಿದ್ದ ಒಂದೇ ಒಂದು ಹಳೇ ಖಣವನ್ನು ಎಲೆ ಅಡಿಕೆ ಜೊತೆ ಕೊಟ್ಟಳು. ಮುಗಿಯಿತು.

ಶನಿವಾರ ಗವಿಪುರಂನಿಂದ ದೊಡ್ಡಮ್ಮನ ಫೋನ್.

“ಪುಟ್ಟಾ, ನಿಮ್ಮಮ್ಮನ ಟ್ರಂಕಲ್ಲಿ ನಂದೊಂದು ಖಣ ಇದೆ ಕಣೋ. ಮದುವೇಲಿ ನಮ್ಮಮ್ಮ ನಂಗೆ ಮಡಿಲಕ್ಕಿ ಕಟ್ಟಿಕೊಟ್ಟಿದ್ದು ಅದ್ರಲ್ಲೇ. ಮೊಮ್ಮಗಳ ಸೀಮಂತಕ್ಕೆ ಹೊಲಿಸ್ಬೇಕು. ನಾಳೆ ಬರ್ತೀನಿ.”

ಬೆಲೆಬಾಳುವ ವಸ್ತು ಅಂತ ಗೊತ್ತಾದರೆ ಮಿದುಳು ಬೇರೆಯೇ ಥರ ಎಚ್ಚರವಾಗುತ್ತದೆ ಎಂದು ಎಲ್ಲೋ ಓದಿದ್ದೆ. ನಿಜ. ಶುಕ್ರವಾರ ಆ ಬಟ್ಟೆ ಕಣ್ಣೆದುರೇ ಹೋದಾಗ ನನ್ನ ಮಿದುಳು ಕಡ್ಲೆಪುರಿ ತಿನ್ನುತ್ತಾ ಕೂತಿತ್ತು. ಈಗ ಎದ್ದು ನಿಂತು ಸೆಲ್ಯೂಟ್ ಹೊಡೆಯಿತು. ಬಟ್ಟೆಯ ಒಂದು ಎಳೆಯಾದರೂ ಬದಲಾಗಿತ್ತೇ?

“ನೇರಳೆ ಬಣ್ಣ, ಕೆಂಪಂಚು. ಎಷ್ಟು ಚಂದ ಇತ್ತು!” ಎಂದೆ.

“ಹಸಿರು ರೀ. ಅಂಥಾ ಹಸಿರು ಈಗೆಲ್ಲಿ ಸಿಗತ್ತೆ?”

ಇಬ್ಬರೂ ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಮಹಡಿ ಹತ್ತಿದೆವು. “ಅಯ್ಯೋ, ಬೆಳಗ್ಗೇನೇ ವಿ.ವಿ. ಪುರಂ ವಿಮಲಮ್ಮಂಗೆ ಕೊಟ್ಬಿಟ್ನಲ್ಲ ಲತಾ! ಮಾಸಲು ಬಟ್ಟೆ ಅಂತ...” ಎಂದರು ಶೈಲಜಾ. ವಿಷಯ ಹೇಳಿದೆವು. “ಹೌದೌದು, ಮುಟ್ಟಿದಾಗ್ಲೇ ಅನ್ಕೊಂಡೆ. ಏನ್ ನುಣುಪು ಅಂತೀರಾ!”

ವಿಮಲಮ್ಮ ಅದನ್ನು ಮಿಕ್ಸಿಗೆ ಹೊದಿಸಿದ್ದರು. ನಮ್ಮ ಕತೆ ಕೇಳಿದ್ದೇ ತಡ, ಮಿಕ್ಸಿಯಿಂದ ತೆಗೆದು ಎದೆಗೆ ಅವಚಿಕೊಂಡರು.

“ಅಷ್ಟು ಹಳೇದಾ? ಅದಕ್ಕೇ ನೋಡಿ, ಯಾರಿಗೂ ಕೊಡೋಕೆ ಮನಸ್ಸೇ ಬರ್ಲಿಲ್ಲ.”

ಲತಾ ತನ್ನ ಹೊಸ ರೇಷ್ಮೆ ಪೀಸನ್ನು ಬದಲಿಗೆ ಕೊಟ್ಟ ಮೇಲೆಯೇ ಅದು ಆ ಎದೆಯಿಂದ ಕೆಳಗಿಳಿದದ್ದು.

ಬಣ್ಣ ನೀಲಿ.

“ನೀಲೀನೇ. ಈಗ ನೆನಪಾಯ್ತು,” ಎಂದೆವು ಇಬ್ಬರೂ, ವಾಪಸ್ ಬರುವ ಆಟೋದಲ್ಲಿ. ನೆನಪು ಅನ್ನುವುದು ಸಾಕ್ಷಿ ಹೇಳುವುದಿಲ್ಲ ಸ್ವಾಮಿ. ಎದುರಿಗೆ ಇಟ್ಟದ್ದಕ್ಕೆ ರುಜು ಹಾಕುತ್ತದೆ, ಅಷ್ಟೆ.

ಭಾನುವಾರ ದೊಡ್ಡಮ್ಮ ಬಂದರು. ಖಣವನ್ನು ಕಣ್ಣಿಗೊತ್ತಿಕೊಂಡರು. “ಬಣ್ಣ ಸ್ವಲ್ಪ ಕಪ್ಪಾಗಿದೆ. ಆದ್ರೆ ನಮ್ಮಮ್ಮನ ಕೈ ವಾಸ್ನೆ ಹಾಗೇ ಇದೆ ನೋಡೋ.” ನಾನೂ ಮೂಸಿದೆ. ವಿಮಲಮ್ಮನ ಚಟ್ನಿಯ ಇಂಗು. ಆದರೂ ನನ್ನ ಕಣ್ಣಲ್ಲಿ ನೀರು ಬಂತು. ದೊಡ್ಡಮ್ಮ ಅಳುತ್ತಲೇ ಆಟೋ ಹತ್ತಿದರು.

ಸೋಮವಾರ ಲತಾ ಟ್ರಂಕಿನ ತಳದ ಪೇಪರ್ ಬದಲಾಯಿಸಲು ಹೊರಟಳು. ಪೇಪರಿನ ಅಡಿಯಲ್ಲಿ ಇನ್ನೊಂದು ಖಣ. ನೇರಳೆ, ಕೆಂಪಂಚು. ಬಿಡಿಸಿದರೆ ಮಡಿಕೆಯಲ್ಲಿ ಅರಿಶಿನ ಹತ್ತಿದ ಅಕ್ಕಿಕಾಳು.

“ನಾನು ಮೊದ್ಲೇ ಹೇಳ್ಲಿಲ್ವಾ, ನೇರಳೆ ಅಂತ!” ಎಂದು ಕುಣಿದೆ.

“ನೀವು ಹೇಳಿದ್ದು ಬೂದು,” ಎಂದಳು ಲತಾ. (ನೇರಳೆ ಎಂದು ಮೇಲೆ ಬರೆದಿರುವುದನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.)

ತಕ್ಷಣ ದೊಡ್ಡಮ್ಮನಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, “ಪುಟ್ಟಾ, ಟೈಲರ್ ಹತ್ರ ಕೊಟ್ಟಾಯ್ತು ಕಣೋ. ಮೊಮ್ಮಗಳು ಅದನ್ನ ಕೆನ್ನೆಗೆ ಒತ್ಕೊಂಡು ಅತ್ಲು,” ಎಂದರು. ನಾನು “ಊಟ ಆಯ್ತಾ ದೊಡ್ಡಮ್ಮ?” ಎಂದು ಕೇಳಿ ಫೋನ್ ಇಟ್ಟೆ.

ಅಸಲಿ ಖಣ ಈಗ ನನ್ನ ಮೇಜಿನ ಮೇಲಿದೆ. ಅದನ್ನು ನೋಡುತ್ತಲೇ ಇದನ್ನು ಬರೆಯುತ್ತಿದ್ದೇನೆ, ಎದೆ ಮಾತ್ರ ಏನೂ ಆಗದ ಹಾಗೆ ತಣ್ಣಗಿದೆ. ಆದರೆ ಆ ಟೈಲರ್ ಎಲ್ಲಿ ನೀಲಿಯದನ್ನು ಅಡ್ಡಾದಿಡ್ಡಿ ಕತ್ತರಿಸಿಬಿಡುತ್ತಾನೋ ಅಂತ ಅದೇ ಎದೆ ಢವಢವ ಅನ್ನುತ್ತಿದೆಯಲ್ಲ, ಯಾಕೆ?