ಫ್ರಿಜ್ಜಿನೊಳಗಿನ ಅತಿಥಿಗಳು

ಎಂಬತ್ತರ ದಶಕದಲ್ಲಿ ಪಶುವೈದ್ಯಕೀಯ ವ್ಯಾನೇ ನನಗೆ ಮನೆ. ಹಾಸಿಗೆ, ಒಲೆ, ಲಸಿಕೆ ಇಡುವ ಗ್ಯಾಸಿನ ಫ್ರಿಜ್ಜು, ಎಲ್ಲ ಅದರಲ್ಲೇ. ಒಂದು ಬೇಸಿಗೆ ಮಧ್ಯಾಹ್ನ ಜುಗೂಳ ಎಂಬ ಊರಿನಲ್ಲಿ ಆ ಫ್ರಿಜ್ಜು ತಣ್ಣಗಾಗುವುದನ್ನೇ ಬಿಟ್ಟಿತು. ಬರ್ನರ್ ಉಜ್ಜಿದೆ, ವಾಲಿದರೆ ಗ್ಯಾಸಿನ ಫ್ರಿಜ್ಜು ಓಡದು ಎಂದು ಗಾಲಿಗೆ ಕಲ್ಲು ಕೊಟ್ಟು ಗಾಡಿ ಮಟ್ಟ ಮಾಡಿದೆ, ಜಪ್ಪಯ್ಯ ಅನ್ನಲಿಲ್ಲ. ಲಸಿಕೆ ಕೆಟ್ಟರೆ ಊರಿನ ಎಮ್ಮೆಗಳಿಗೆ ಗತಿಯಿಲ್ಲ.

ಊರಲ್ಲಿ ಫ್ರಿಜ್ಜಿದ್ದದ್ದು ಒಂದು ಜೈನರ ಮನೆಯಲ್ಲಿ ಮಾತ್ರ. ಲಸಿಕೆಯ ಡಬ್ಬಿ ಹೊತ್ತು ಹೋದ ನನ್ನನ್ನು ಆ ಮನೆಯ ಅಜ್ಜಿ ಬಾಗಿಲಲ್ಲೇ ತಡೆದರು.

“ಇದರಾಗ ಜೀವ ಅದಾವೇನ್ರಿ ಡಾಕ್ಟರ?”

ಕಾಲೇಜಿನಲ್ಲಿ ಕಲಿತದ್ದನ್ನು ಬಚ್ಚಿಡಲಾಗಲಿಲ್ಲ. “ಅದಾವ್ರಿ ಅವ್ವಾರ. ಕಣ್ಣಿಗೆ ಕಾಣದಂಥವು. ಬಿಸಿಲಿಗೆ ಸಾಯ್ತಾವ್ರಿ.”

ಕೆಲಸ ಕೆಟ್ಟಿತು ಅಂದುಕೊಂಡೆ. ಅಜ್ಜಿ ಸೊಸೆಯನ್ನು ಕೂಗಿದರು: “ಹಾಲು ಮೊಸರು ಎಲ್ಲಾ ಹೊರಗ ತಗೀ ಬೇ. ಜೀವ ಉಳಸೂದೈತಿ.”

ಬೆಳಗಾವಿಯಿಂದ ಹೊಸ ಫ್ರಿಜ್ಜು ಬಂತು. ಅದನ್ನು ವ್ಯಾನಿಗೆ ಕೂರಿಸಿ ಲಸಿಕೆ ಕೇಳಲು ಹೋದರೆ ಅಜ್ಜಿ ಕೊಡಲೊಲ್ಲರು. ವ್ಯಾನಿನ ತನಕ ಬಂದು, ಹೊಸ ಫ್ರಿಜ್ಜಿನೊಳಗೆ ಮೊಣಕೈವರೆಗೆ ಕೈ ಇಟ್ಟು, ಬೆರಳು ಮರಗಟ್ಟಿದ ಮೇಲೆಯೇ ತೆಗೆದರು.

“ಹೂಂ, ಒಯ್ರಿ. ಆದ್ರ ಸೂಜಿ ಚುಚ್ಚಿದ ಮ್ಯಾಲ ಇವು ಏನಾಗ್ತಾವ್ರಿ?”

“ಎಮ್ಮಿ ಮೈಯಾಗ ಆರಾಮ ಇರ್ತಾವ್ರಿ” ಅಂದೆ.

ಎಮ್ಮೆಯ ಮೈ ಆ ಜೀವಗಳನ್ನು ಕೊಂದೇ ರೋಗ ತಡೆಯುವುದನ್ನು ಕಲಿಯುವುದು; ನನ್ನ ಪ್ರೊಫೆಸರರು ಈ ಉತ್ತರಕ್ಕೆ ಸೊನ್ನೆ ಹಾಕುತ್ತಿದ್ದರು. ಆದರೆ ಲಸಿಕೆ ಇದ್ದದ್ದು ಪ್ರೊಫೆಸರರ ಮನೆಯಲ್ಲಿ ಅಲ್ಲವಲ್ಲ.